ವೈಪರ್ ಕೆಳಗಿನ ಕಾಗದ

ಕ್ಯಾಮೆರಾ ಕೊಟ್ಟಿದ್ದು ಇಪ್ಪತ್ತು ನಿಮಿಷ. ಮಿಸೆಸ್ ಪ್ಯೂಗೆ ಸ್ನಾನ ಮಾಡಿಸಲು ಬೇಕಾದದ್ದು ಮೂವತ್ತೈದು.

ತೊಂಬತ್ತೊಂದು ವರ್ಷದ ಮುದುಕಿ. ಮೊಣಕಾಲು ಮಡಚುತ್ತಿರಲಿಲ್ಲ. ಏಜೆನ್ಸಿ ಕಳಿಸುವ ಆರೈಕೆಯವಳು ನೆರಿಸ್ ಅವಳ ಕಂಕುಳಿಗೆ ಎರಡೂ ಕೈ ಕೊಟ್ಟು ಹಾಸಿಗೆಯಿಂದ ಎಬ್ಬಿಸಬೇಕು. ಎದೆಗೆ ಎದೆ ಕೊಟ್ಟು ಹಿಂದೆ ಹಿಂದೆ ನಡೆಯುತ್ತಾ ಬಚ್ಚಲಿಗೆ ಒಯ್ಯಬೇಕು. ರಾತ್ರಿಯ ಒದ್ದೆ ಚಡ್ಡಿ ಬಿಚ್ಚಬೇಕು. ತೊಡೆಸಂದಿಯ ಹುಣ್ಣಿಗೆ ಸೋಪು ತಾಗದ ಹಾಗೆ ತೊಳೆಯಬೇಕು. ನಲವತ್ತನಾಲ್ಕರ ನೆರಿಸ್‌ಗೆ ಸೊಂಟ ಆಗಲೇ ಹೋಗಿತ್ತು. ಬಗ್ಗಿದರೆ ಏಳುವಾಗ ಗೋಡೆ ಹಿಡಿಯುತ್ತಿದ್ದಳು.

ಮುದುಕಿಯ ಮನೆ ಅಂದರೆ ಹಳೆಯ ಚಾಪೆಲ್‌ನ ಹಿಂದಿನ ಎರಡು ಕೋಣೆ. ನಲವತ್ತು ವರ್ಷ ಆ ಚಾಪೆಲ್‌ನ ಕಸ ಗುಡಿಸಿದವಳು, ಒಲೆ ಹೊತ್ತಿಸಿದವಳು ಅವಳು. ಪ್ರಾರ್ಥನೆಗೆ ಜನ ಬರುವುದು ನಿಂತಿತು, ಚಾಪೆಲ್‌ಗೆ ಬೀಗ ಬಿತ್ತು, ಕಟ್ಟಡ ಯಾರಿಗೋ ಮಾರಾಟವಾಯಿತು. ಅಂಗಳವನ್ನು ಒಂದು ಪಾರ್ಕಿಂಗ್ ಕಂಪನಿ ಹಿಡಿಯಿತು. ಕಂಬ ನೆಟ್ಟರು, ಕಂಬಕ್ಕೆ ಕ್ಯಾಮೆರಾ ಕಟ್ಟಿದರು. ಗೇಟಿನೊಳಗೆ ಬಂದ ಪ್ರತಿ ಗಾಡಿಯ ನಂಬರನ್ನು ಅದು ಓದುತ್ತಿತ್ತು, ಹೊರಗೆ ಹೋಗುವಾಗ ಮತ್ತೆ ಓದುತ್ತಿತ್ತು. ಮುದುಕಿಯ ಮನೆಗಿದ್ದ ಒಂದೇ ಬಾಗಿಲು ಆ ಅಂಗಳಕ್ಕೇ ತೆರೆಯುತ್ತಿತ್ತು. ಹೊರಗಿನ ರಸ್ತೆಯಲ್ಲಿ ಉದ್ದಕ್ಕೂ ಜೋಡಿ ಹಳದಿ ಗೆರೆ, ಒಂದು ನಿಮಿಷವೂ ನಿಲ್ಲಿಸುವಂತಿರಲಿಲ್ಲ. ನನ್ನನ್ನು ತೊಳೆಯಲು ಬರುವ ಹೆಂಗಸಿಗೆ ಒಂದು ಪರವಾನಗಿ ಚೀಟಿ ಕೊಡಿ ಎಂದು ಮುದುಕಿ ಕಂಪನಿಗೆ ಬರೆಸಿದ್ದಳು. ಸ್ವಂತ ಗಾಡಿ ಇರುವ ನಿವಾಸಿಗಳಿಗೆ ಮಾತ್ರ ಚೀಟಿ ಎಂದು ಉತ್ತರ ಬಂದಿತ್ತು.

ಅದಕ್ಕೆ ನೆರಿಸ್ ಒಂದು ದಾರಿ ಕಂಡುಕೊಂಡಿದ್ದಳು. ಹದಿನೆಂಟನೇ ನಿಮಿಷಕ್ಕೆ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಟವೆಲು ಹೊದಿಸಿ, ಸೋಪಿನ ಕೈಯಲ್ಲೇ ಓಡುವುದು. ಕಾರು ತೆಗೆದು, ಗೇಟು ದಾಟಿ, ಸೇತುವೆ ಹತ್ತಿರದ ವೃತ್ತ ಸುತ್ತಿ, ಮತ್ತೆ ಅದೇ ಗೇಟಿನಿಂದ ಒಳಗೆ ಬರುವುದು. ಕ್ಯಾಮೆರಾ ಮತ್ತೆ ಒಂದರಿಂದ ಎಣಿಸುತ್ತಿತ್ತು. ಮುದುಕಿ ಟವೆಲಿನೊಳಗೆ ಗಡಗಡ ನಡುಗುತ್ತಾ ಕೂತಿರುತ್ತಿದ್ದಳು.

"ಆಯ್ತೇನೆ ಮೆರವಣಿಗೆ? ರಾಣಿ ಥರ ಕೈ ಬೀಸಿದ್ಯಾ ಜನಕ್ಕೆ?" ಎಂದು ಕೇಳುತ್ತಿದ್ದಳು.

ನೆರಿಸ್ ನಗುತ್ತಿದ್ದಳು. ಮುದುಕಿಯ ತಣ್ಣನೆಯ ಬೆನ್ನು ಮುಟ್ಟಿದಾಗ ನಗು ಅಲ್ಲೇ ನಿಲ್ಲುತ್ತಿತ್ತು.

ಮಾರ್ಚ್‌ನ ಒಂದು ಮಂಗಳವಾರ ಮುದುಕಿಗೆ ಹೊಟ್ಟೆ ಕೆಟ್ಟಿತ್ತು. ಹಾಸಿಗೆ, ಗೋಡೆ, ಕಾಲು, ಬೆರಳ ಉಗುರಿನ ಸಂದಿ, ಎಲ್ಲ ಆಗಿತ್ತು. ಮುದುಕಿ ನಾಚಿಕೆಯಿಂದ ಅಳುತ್ತಿದ್ದಳು. ಹದಿನೆಂಟನೇ ನಿಮಿಷ ಬಂತು. ನೆರಿಸ್ ಗಡಿಯಾರ ನೋಡಿದಳು, ಮುದುಕಿಯನ್ನು ನೋಡಿದಳು. ಹೋಗಲಿಲ್ಲ. ಒಟ್ಟು ನಲವತ್ತೇಳು ನಿಮಿಷ ಹಿಡಿಯಿತು.

ಮೂರು ವಾರ ಕಳೆದ ಮೇಲೆ, ಇನ್ನೊಂದು ಮಂಗಳವಾರ ಸ್ನಾನ ಮುಗಿಸಿ ಹೊರಗೆ ಬಂದರೆ ಕಾರಿನ ವೈಪರ್ ಕೆಳಗೆ ಒಂದು ಕಾಗದ. ಜುಲ್ಮಾನೆ ಚೀಟಿ ಎಂದುಕೊಂಡು ಬೈಯುತ್ತಾ ಎಳೆದಳು. ಅದು ಅಂಚೆಯಲ್ಲಿ ಬಂದ ಲಕೋಟೆ. ಒಡೆದ ಲಕೋಟೆ. ಮೇಲೆ ಅವಳ ಹೆಸರು. ಹೆಸರಿನ ಕೆಳಗೆ ಅವಳು ಬಿಟ್ಟುಬಂದ ಮನೆಯ ವಿಳಾಸ.

ಒಳಗೆ ಹೆಚ್ಚು ಹೊತ್ತು ನಿಲ್ಲಿಸಿದ್ದಕ್ಕೆ ದಂಡ ಕೇಳುವ ಕಂಪನಿಯ ಪತ್ರ. ಎರಡು ಚಿತ್ರ. ಒಂದರಲ್ಲಿ ಅವಳ ಕಾರು ಗೇಟಿನೊಳಗೆ ಬರುತ್ತಿದೆ, ಎಂಟು ಗಂಟೆ ನಾಲ್ಕು ನಿಮಿಷ. ಇನ್ನೊಂದರಲ್ಲಿ ಹೋಗುತ್ತಿದೆ, ಎಂಟು ಐವತ್ತೊಂದು. ಊರಿನ ಹೆಸರು, ರಸ್ತೆಯ ಹೆಸರು, ಚಾಪೆಲ್ ಅಂಗಳ ಎಂದು ದಪ್ಪಕ್ಷರ. ಪತ್ರ ತಿರುಗಿಸಿದಳು. ಹಿಂದೆ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದಿತ್ತು:

"ಹಿಂದಿನ ಎಡಗಡೆ ಟೈರು ಸವೆದಿದೆ. ನೋಡ್ಕೋ."

ಅದು ಟ್ರೆಫರನ ಅಕ್ಷರ. ನೆರಿಸ್ ಗಕ್ಕನೆ ತಿರುಗಿದಳು. ಅಂಗಳವೆಲ್ಲ ನೋಡಿದಳು. ಯಾರೂ ಇರಲಿಲ್ಲ. ಕಂಬದ ಮೇಲೆ ಕ್ಯಾಮೆರಾ ಮಾತ್ರ ಇತ್ತು.

ಟ್ರೆಫರ್ ಅವಳ ಗಂಡ. ಅವನು ಅವಳ ಮೂಳೆ ಮುರಿದದ್ದು ಒಂದೇ ಸಲ. ಉಳಿದದ್ದೆಲ್ಲ ಬಟ್ಟೆಯೊಳಗೆ ಮುಚ್ಚಿಹೋಗುವಂಥದ್ದು. ಅವರಿದ್ದ ಗಣಿ ಕಣಿವೆಯಲ್ಲಿ ಅವನಷ್ಟು ಒಳ್ಳೆಯವನಿಲ್ಲ ಎನ್ನುತ್ತಿದ್ದರು ಜನ. ಅಕ್ಕಪಕ್ಕದವರ ಗಟಾರ ಕಟ್ಟಿದರೆ ಕರೆಯದೆ ಬಂದು ತೆಗೆಯುತ್ತಿದ್ದ. ಮನೆಯಲ್ಲಿ ಪ್ರತಿ ಸಂಜೆ ಹೆಂಡತಿಯ ಕಾರಿನ ಮೈಲಿ ಓದಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ. ಎರಡು ಮೈಲಿ ಹೆಚ್ಚಾಗಿದ್ದರೆ ಬಾಗಿಲು ಹಾಕಿ ಕೇಳುತ್ತಿದ್ದ.

ಕಾರು ಅವನದಲ್ಲ. ನೆರಿಸ್‌ಳ ಅಪ್ಪನದು. ಗಣಿ ಮುಚ್ಚಿದ ಮೇಲೆ ಬ್ರೆಡ್ಡು ವ್ಯಾನು ಓಡಿಸಿ ಕೂಡಿಟ್ಟ ದುಡ್ಡಲ್ಲಿ ಕೊಂಡ ಕೆಂಪು ಕಾರು. ಅಪ್ಪ ಸತ್ತಾಗ ಅವಳ ಹೆಸರಿಗೆ ಬಂತು. ಅವಳ ಹೆಸರಿನಲ್ಲಿ ಇದ್ದದ್ದು ಅದೊಂದೇ. ಅಪ್ಪನ ಟೋಪಿ ಇನ್ನೂ ಹಿಂದಿನ ಸೀಟಿನಲ್ಲೇ ಇತ್ತು. ಎರಡು ವರ್ಷದ ಹಿಂದೆ ಟ್ರೆಫರ್ ರಗ್ಬಿ ನೋಡಲು ಹೋಗಿದ್ದ ಒಂದು ಮಧ್ಯಾಹ್ನ ಆ ಕಾರಿನಲ್ಲೇ ಅವಳು ಹೊರಟುಬಂದಳು. ಮೊದಲು ಹೆಂಗಸರ ಆಶ್ರಯಮನೆ, ಆಮೇಲೆ ಪಶ್ಚಿಮ ಕರಾವಳಿಯ ಈ ಪುಟ್ಟ ಊರು, ಮೀನಂಗಡಿಯ ಮೇಲೊಂದು ಕೋಣೆ.

ಕಾರಿನ ದಾಖಲೆಯಲ್ಲಿ ಮಾತ್ರ ಅವಳು ವಿಳಾಸ ಬದಲಿಸಲಿಲ್ಲ. ಮರೆತು ಅಲ್ಲ, ಯೋಚನೆ ಮಾಡಿಯೇ ಬಿಟ್ಟದ್ದು. ಗಾಡಿಗಳ ದಾಖಲೆ ಇಡುವ ಆ ದೊಡ್ಡ ಕಚೇರಿಯಲ್ಲಿ ಕಣಿವೆಯ ಎರಡು ಮನೆಗೊಬ್ಬರು ಕೆಲಸಕ್ಕಿದ್ದರು. ಟ್ರೆಫರನ ಅತ್ತಿಗೆಯೂ ಇದ್ದಳು. ಹೊಸ ವಿಳಾಸ ಬರೆದು ಕಳಿಸಿದರೆ ಅದು ಸಂಜೆಯೊಳಗೆ ಟ್ರೆಫರನ ಊಟದ ಮೇಜಿಗೆ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಇದ್ದಲ್ಲೇ ಇರಲಿ, ನಾನಿಲ್ಲದ ಮನೆಯ ವಿಳಾಸ ಯಾರಿಗೆ ಸಿಕ್ಕರೇನು ಎಂದುಕೊಂಡಿದ್ದಳು.

ಅತ್ತಿಗೆ ಯಾವ ದಾಖಲೆಯನ್ನೂ ತೆಗೆದು ನೋಡಲಿಲ್ಲ. ಕದ್ದು ನೋಡುವ ಅಗತ್ಯವೇ ಬೀಳಲಿಲ್ಲ. ಕಂಪನಿ ಕೇಳಿತು, ಕಚೇರಿ ಕೊಟ್ಟಿತು. ಎರಡೂವರೆ ಪೌಂಡಿಗೆ ಒಂದು ಹೆಸರು, ಒಂದು ವಿಳಾಸ. ಬೇಕರಿಯಲ್ಲಿ ಅಷ್ಟಕ್ಕೆ ಒಂದು ಮಾಂಸದ ಕಡುಬು ಬರುತ್ತದೆ.

ನೆರಿಸ್ ಮೊದಲು ಕಂಪನಿಗೆ ಫೋನು ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗ ಸಿಕ್ಕ. ನನ್ನ ವಿಳಾಸ ನಿಮಗೆ ಯಾರು ಕೊಟ್ಟರು ಎಂದು ಕೇಳಿದಳು.

"ಸರ್ಕಾರಿ ಕಚೇರೀನೇ ಕೊಡುತ್ತೆ ಮೇಡಂ. ಸರಿಯಾದ ಕಾರಣ ಇದ್ರೆ ಕೊಡ್ತಾರೆ. ನಮಗೆ ಕಾರಣ ಇತ್ತು."

"ನಿಮ್ಮ ಕಾರಣದಿಂದ ನನ್ನ ಜೀವಕ್ಕೆ ಕುತ್ತು ಬಂದಿದೆ."

 ಆಕ್ಷೇಪಣೆ ಇದ್ದರೆ ನಮೂನೆ ತುಂಬಿ, ಅದರಲ್ಲಿ ಈಗಿನ ವಿಳಾಸದ ಕಾಲಂ ಕಡ್ಡಾಯ ಎಂದ ಹುಡುಗ.

ಆಮೇಲೆ ದಾಖಲೆ ಕಚೇರಿಗೆ ಫೋನು ಮಾಡಿದರೆ, ಅಲ್ಲಿಯವಳ ದನಿ ಕಣಿವೆಯದೇ. ಆ ರಾಗ ಕೇಳಿಯೇ ನೆರಿಸ್ ಫೋನು ಇಟ್ಟುಬಿಡಲು ಹೋದಳು. ಆದರೂ ಹೇಳಿದಳು. ಆ ಕಡೆಯವಳು ಕೇಳಿಸಿಕೊಂಡಳು, ಪಾಪ ಅಂತಲೂ ಅಂದಳು. ಆಮೇಲೆ ಅಂದಳು:

"ಕಾನೂನು ಪ್ರಕಾರಾನೇ ಕೊಟ್ಟಿರೋದು, ಕಣಮ್ಮ. ನೀವು ಮನೆ ಬಿಟ್ಟ ಮೇಲೆ ವಿಳಾಸ ಬದಲಾಯಿಸಬೇಕಿತ್ತು. ಬದಲಾಯಿಸದೆ ಇರೋದು ಅಪರಾಧ. ಅದಕ್ಕೂ ದಂಡ ಇದೆ, ಗೊತ್ತಾ?"

ಠಾಣೆಯಿಂದ ಬಂದ ಪೊಲೀಸಿನವನು ಒಳ್ಳೆಯ ಹುಡುಗನೇ. ಪತ್ರದ ಹಿಂಬದಿ ಎರಡು ಸಲ ಓದಿದ. ಟೈರು ಸವೆದಿದೆ ಅಂತ ಬರೆದರೆ ಅದರಲ್ಲಿ ಬೆದರಿಕೆ ಎಲ್ಲಿದೆ ಎಂದು ತಲೆ ಕೆರೆದುಕೊಂಡ. ಎದ್ದು ಹೊರಗೆ ಹೋಗಿ, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲೆ ಹೆಬ್ಬೆರಳಾಡಿಸಿ ವಾಪಸು ಬಂದ.

"ಸವೆದಿರೋದು ನಿಜ," ಎಂದ.

ಓಡಿಹೋಗಬಹುದಿತ್ತು. ಆಗಲೇ ಹೋಗಬೇಕಿತ್ತು. ಕೆಲಸ ಕೊಟ್ಟ ಏಜೆನ್ಸಿಯ ಹೆಂಗಸನ್ನು ಕೇಳಿದರೆ, ಮಿಸೆಸ್ ಪ್ಯೂ ಕಡೆಗೆ ಕಳಿಸಲು ಬೇರೆ ಯಾರೂ ಇಲ್ಲ, ನೀನು ಬಿಟ್ಟರೆ ಅವರನ್ನು ವೃದ್ಧಾಶ್ರಮಕ್ಕೇ ಹಾಕಬೇಕು ಎಂದಳು. ನೆರಿಸ್ ಉಳಿದಳು. ಟ್ರೆಫರನಿಗೆ ಅಂಗಳ ಗೊತ್ತು, ಕೋಣೆ ಗೊತ್ತಿಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಕಾರನ್ನು ಊರಾಚೆ ಎರಡು ಮೈಲಿ ದೂರದ ಬಯಲಲ್ಲಿ ಬಿಟ್ಟು ಬೇರೆ ಬೇರೆ ದಾರಿಯಲ್ಲಿ ನಡೆದು ಕೋಣೆಗೆ ಬರತೊಡಗಿದಳು. ಆರು ಮನೆ ಸುತ್ತಿ ಆರು ಮೈ ತೊಳೆದ ಕಾಲುಗಳು. ಮೆಟ್ಟಿಲು ಹತ್ತುವಾಗ ಅಳು ಬರುತ್ತಿತ್ತು.

ಏಪ್ರಿಲ್‌ನಲ್ಲಿ ಅದೇ ದಂಡಕ್ಕೆ ಎರಡನೇ ಪತ್ರ, ವೈಪರ್ ಕೆಳಗೆ. ಮೇ ತಿಂಗಳಲ್ಲಿ ಮೂರನೆಯದು. ಕಂಪನಿ ಬರೆಯುತ್ತಿತ್ತು, ಟ್ರೆಫರ್ ತಂದು ಕೊಡುತ್ತಿದ್ದ. ನೂರು ಮೈಲಿ ಓಡಿಸಿಕೊಂಡು ಬರಲು ಅವನಿಗೊಂದು ನೆವ ಬೇಕಿತ್ತು. ತಿಂಗಳಿಗೊಂದು ನೆವವನ್ನು ಕಂಪನಿ ಅಂಚೆಯಲ್ಲಿ ಕಳಿಸುತ್ತಿತ್ತು. ಪ್ರತಿ ಪತ್ರದ ಹಿಂದೆ ಒಂದು ಸಾಲು. "ಸಣ್ಣಗಾಗಿದ್ದೀಯ." ಅದಾದ ಮೇಲೆ, "ಆ ಹಸಿರು ಕೋಟು ನಿಂಗೆ ಒಪ್ಪಲ್ಲ."

ದುಡ್ಡು ಕಟ್ಟಿದ್ದರೆ ಪತ್ರಗಳು ನಿಲ್ಲುತ್ತಿದ್ದವು. ಏಜೆನ್ಸಿಯವಳು ಅದನ್ನೇ ಹೇಳಿದಳು. ಕಟ್ಟಿ ಕೈತೊಳೆದುಕೋ ಮಾರಾಯ್ತಿ ಎಂದಳು. ನೆರಿಸ್ ಕಟ್ಟಲಿಲ್ಲ. ಹೇಲು ಬಳಿದ ಮುದುಕಿಯನ್ನು ಬಿಟ್ಟು ಓಡದೆ ಇದ್ದದ್ದು ನನ್ನ ತಪ್ಪು ಎಂದು ನಾನು ಒಪ್ಪುವುದಿಲ್ಲ ಎಂದಳು.

ಜೂನ್‌ನ ಒಂದು ಶುಕ್ರವಾರ ಒಳಗೆ ಕಾಲಿಟ್ಟರೆ ಮುದುಕಿಯ ಮೇಜಿನ ಮೇಲೆ ಎರಡು ಕಪ್ಪು. ಹೆಂಚಿನ ಮೇಲೆ ಬೇಯಿಸಿದ ಒಣದ್ರಾಕ್ಷಿಯ ಬಿಲ್ಲೆಗಳು. ಮುದುಕಿಯ ಮುಖ ಅರಳಿತ್ತು.

"ನಿನ್ನೆ ನಿನ್ನ ಗಂಡ ಬಂದಿದ್ದ ಕಣೇ. ಎಷ್ಟು ಒಳ್ಳೆ ಮನುಷ್ಯ. ನನ್ನ ಕಲ್ಲಿದ್ದಲಿನ ಡಬ್ಬ ಒಳಗೆ ತಂದಿಟ್ಟ, ನಲ್ಲಿ ಸೋರ್ತಿತ್ತು, ಅದನ್ನೂ ಸರಿಮಾಡಿದ. ಗಂಡ ಇದಾನೆ ಅಂತ ಒಂದಿನಾನೂ ಹೇಳಲಿಲ್ವಲ್ಲೇ ನೀನು?"

ನೆರಿಸ್ ನಿಂತಲ್ಲೇ ನಿಂತಳು.

"ಏನು ಕೇಳಿದ ಮಿಸೆಸ್ ಪ್ಯೂ?"

"ಏನಿಲ್ಲಪ್ಪ. ಯಾವ್ಯಾವ ದಿನ ಬರ್ತೀಯ, ಎಷ್ಟು ಹೊತ್ತಿಗೆ ಬರ್ತೀಯ, ಆಮೇಲೆ ಯಾವ ಕಡೆ ಹೋಗ್ತೀಯ. ಮೈಯಲ್ಲಿ ಹುಷಾರಾಗಿದಾಳಾ ಅಂದ. ಮೀನಿನ ವಾಸನೆ ಬರುತ್ತೆ ಅವಳ ಬಟ್ಟೆಗೆ, ಮೀನಂಗಡಿ ಹತ್ರಾನೇ ಇರ್ಬೇಕು ಅಂತ ನಗಾಡ್ದೆ..."

ಮಾತು ಅಲ್ಲಿಗೆ ನಿಂತಿತು. ಮುದುಕಿ ನೆರಿಸ್‌ಳ ಮುಖ ನೋಡಿದ್ದಳು. ತೊಂಬತ್ತೊಂದು ವರ್ಷ ಬದುಕಿದ ಹೆಂಗಸು. ಬಿಡಿಸಿ ಹೇಳಬೇಕಾಗಲಿಲ್ಲ. ಮೇಜಿನ ಮೇಲಿದ್ದ ಎರಡನೇ ಕಪ್ಪನ್ನು ಬಾಗಿದ ಬೆರಳುಗಳಿಂದ ದೂರ ತಳ್ಳಿದಳು. ಅದು ಬಿದ್ದು ಒಡೆಯಿತು.

"ನಾನೇ ಹೇಳ್ಬಿಟ್ನಾ?" ಎಂದಳು.

"ನೀವಲ್ಲ."

"ನಾನೇ ಕಣೇ. ಈ ಹಾಳು ಬಾಯಿ."

"ನೀವಲ್ಲ ಮಿಸೆಸ್ ಪ್ಯೂ. ಏಳಿ, ನೀರು ಕಾದಿದೆ."

ಅವತ್ತು ನೆರಿಸ್ ನಿಧಾನವಾಗಿ ತೊಳೆದಳು. ತಲೆಗೂ ಸ್ನಾನ ಮಾಡಿಸಿದಳು. ಕಾಲುಗುರು ಕತ್ತರಿಸಿದಳು. ಹದಿನೆಂಟನೇ ನಿಮಿಷ ಬಂತು, ಹೋಯಿತು. ಮುದುಕಿ ಗೋಡೆಯ ಗಡಿಯಾರ ನೋಡಿ, ಮೆರವಣಿಗೆ ಹೊತ್ತಾಯಿತು ಎಂದು ನೆನಪಿಸಿದಳು. ಇವತ್ತು ಇಲ್ಲ ಎಂದಳು ನೆರಿಸ್. ಇಬ್ಬರಿಗೂ ಅರ್ಥವಾಯಿತು. ಮುದುಕಿ ಅವಳ ಒದ್ದೆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಅದೇ ದಿನ ಕೋಣೆ ಬಿಟ್ಟಳು. ಎರಡು ಚೀಲ, ಒಂದು ಕೆಟಲು. ಬೇರೆ ಊರು, ಬೇರೆ ಏಜೆನ್ಸಿ, ಬೇರೆ ಮುದುಕರ ಮೈ. ಜುಲೈಯಲ್ಲಿ ಮುದುಕಿಯನ್ನು ಎಲ್ಲೋ ದೂರದ ಆಶ್ರಮಕ್ಕೆ ಹಾಕಿದರು. ಅಲ್ಲಿ ಅವಳು ಹೊಸಬರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ಒಪ್ಪಲಿಲ್ಲ, ಊಟವನ್ನೂ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಸತ್ತಳು. ಹಳೆಯ ಏಜೆನ್ಸಿಯವಳು ಫೋನಿನಲ್ಲಿ ಹೇಳಿದಳು. ಮಣ್ಣು ಮಾಡಿ ಆಗಲೇ ಒಂಬತ್ತು ದಿನವಾಗಿತ್ತು.

ಕಂಪನಿ ಕೋರ್ಟಿಗೆ ಹೋಯಿತು. ಈ ಸಲದ ಕಾಗದಗಳನ್ನು ಟ್ರೆಫರ್ ಹಳೆಯ ಏಜೆನ್ಸಿಗೆ ಕಳಿಸಿದ್ದ, ಅಲ್ಲಿಯವಳು ನೆರಿಸ್‌ಗೆ ಮುಟ್ಟಿಸಿದಳು. ಲಕೋಟೆ ಒಡೆದಿತ್ತು. ಹಿಂದೆ ಏನೂ ಬರೆದಿರಲಿಲ್ಲ. ಹೋಗದಿದ್ದರೆ ನೀನು ತಪ್ಪಿತಸ್ಥೆ ಎಂದು ಏಕಪಕ್ಷೀಯವಾಗಿ ತೀರ್ಪಾಗುತ್ತದೆ, ಆಮೇಲೆ ಬಾಕಿ ಉಳಿಸಿಕೊಂಡವಳೆಂದು ಹೆಸರು ಬಿದ್ದು ಬಾಡಿಗೆಗೆ ಒಂದು ಕೋಣೆಯೂ ಸಿಗುವುದಿಲ್ಲ ಎಂದು ಹಲವರು ಹೇಳಿದರು. ಹಲವರು ಹೇಳಿದ್ದಕ್ಕಿಂತ ಹೆಚ್ಚಾಗಿ, ಒಬ್ಬ ಮನುಷ್ಯನ ಮುಂದೆ ನಿಂತು ಒಂದು ಸಲ ಹೇಳಬೇಕು ಎಂದು ಅವಳಿಗಿತ್ತು. ನವೆಂಬರ್‌ನಲ್ಲಿ ಅಪ್ಪನ ಕೆಂಪು ಕಾರಿನಲ್ಲಿ ಹೋದಳು. ಹೊಸ ಟೈರು ಹಾಕಿಸಿರಲಿಲ್ಲ. ಆ ಟೈರನ್ನು ಮುಟ್ಟಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಕೋರ್ಟಿನ ಪಕ್ಕದ ಕಾರು ನಿಲ್ದಾಣದಲ್ಲೂ ಕಂಬ ಇತ್ತು, ಕಂಬದ ಮೇಲೆ ಕ್ಯಾಮೆರಾ ಇತ್ತು, ಅದೇ ಕಂಪನಿಯ ಹಳದಿ ಫಲಕ. ಎರಡು ಗಂಟೆ ಹೊತ್ತು ನಿಲ್ಲಿಸುವ ಚೀಟಿ ತೆಗೆದು ಕಾರಿನಲ್ಲಿಟ್ಟಳು.

ಮೇಲೆ ಕಾಯುವ ಕೋಣೆಯಲ್ಲಿ ಟ್ರೆಫರ್ ಕೂತಿದ್ದ. ಬೂಟಿಗೆ ಪಾಲಿಶ್ ಹಾಕಿದ್ದ. ತಲೆ ಬಾಚಿದ್ದ. ತಾರೀಕು, ಸಮಯ, ಕೋಣೆಯ ನಂಬರು, ಎಲ್ಲ ಅವನ ಮನೆಗೇ ಬಂದಿತ್ತಲ್ಲ. ವಿಚಾರಣೆ ಯಾರು ಬೇಕಾದರೂ ಬಂದು ಕೇಳಬಹುದಾದದ್ದು. ಅವಳನ್ನು ನೋಡಿ ಎದ್ದು ನಿಂತು ಬಾಗಿಲು ತೆರೆದು ಹಿಡಿದ. ಒಳ್ಳೆಯ ಮನುಷ್ಯ.

ಚಿಕ್ಕ ಕೋಣೆ. ಉದ್ದ ಮೇಜು. ತುದಿಯಲ್ಲಿ ನ್ಯಾಯಾಧೀಶ, ನೆಗಡಿ ಹಿಡಿದಿದ್ದ ವಯಸ್ಸಾದ ಮನುಷ್ಯ. ಕಂಪನಿಯ ಕಡೆಯಿಂದ ಒಬ್ಬ ತರುಣ ವಕೀಲ, ಅವನಿಗೆ ಅವತ್ತು ಇಂಥವೇ ಇನ್ನೂ ಐದು ಇದ್ದವು. ಹಿಂದಿನ ಕುರ್ಚಿಯಲ್ಲಿ ಟ್ರೆಫರ್. ಅವನ ಉಸಿರು ನೆರಿಸ್‌ಳ ಕಿವಿಗೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಕತ್ತಲಲ್ಲಿ ಅಳೆದ ಉಸಿರು.

ನ್ಯಾಯಾಧೀಶರು ಹೆಸರು ಕೇಳಿದರು. ಹೇಳಿದಳು. ಆಮೇಲೆ ಕಾಗದ ತಿರುಗಿಸುತ್ತಾ, "ಇಲ್ಲಿರೋ ವಿಳಾಸದಲ್ಲಿ ನೀವಿಲ್ಲ ಅಂತ ಬರೆದಿದ್ದೀರಿ. ಈಗಿನ ವಿಳಾಸ ಹೇಳಿ," ಎಂದರು.

ಹಿಂದೆ ಉಸಿರು ನಿಂತಿತು.

"ಹೇಳಲ್ಲ."

"ಅಮ್ಮಾ, ಇದು ಕೋರ್ಟು. ದಾಖಲೆಗೆ ಬೇಕಾಗುತ್ತೆ."

"ದಾಖಲೆಗೆ ಅಂತ ಕೊಟ್ಟಿದ್ದೇ ಸಾರ್ ಅದು. ದಾಖಲೆಯಿಂದ ಇವರ ಕಂಪನಿಗೆ ಹೋಯ್ತು. ಕಂಪನಿಯಿಂದ ನಾನು ಯಾರಿಂದ ಓಡಿಬಂದ್ನೋ ಅವನ ಮನೆಗೆ ಹೋಯ್ತು. ಅವನು ಈಗ ನನ್ನ ಹಿಂದೆ ಕೂತಿದಾನೆ."

 ವಕೀಲ ತರುಣ ಹಿಂದಕ್ಕೆ ನೋಡಿ, ತಟ್ಟನೆ ಕಾಗದಕ್ಕೆ ತಲೆ ತಗ್ಗಿಸಿದ. ನ್ಯಾಯಾಧೀಶರು ಮೂಗು ಒರೆಸಿಕೊಂಡು, ಟ್ರೆಫರನಿಗೆ ಹೊರಗೆ ಹೋಗಲು ಹೇಳಿದರು. ಅವನು ವಿನಯದಿಂದ ಎದ್ದ, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದ, ಹೋದ.

"ಒಂದು ಚೀಟಿಯಲ್ಲಿ ಬರೆದುಕೊಡಿ. ನನ್ನ ಹೊರತು ಯಾರೂ ನೋಡಲ್ಲ," ಎಂದರು ನ್ಯಾಯಾಧೀಶರು. ಮೃದುವಾಗಿಯೇ ಹೇಳಿದರು. ಚೀಟಿಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದರು.

ನೆರಿಸ್ ಪೆನ್ನು ನೋಡಿದಳು. ಅವಳ ಬೆರಳುಗಳು ಸೋಪಿನಿಂದ ಬಿರುಕು ಬಿಟ್ಟಿದ್ದವು.

"ಎಲ್ಲರೂ ಹಾಗೇ ಹೇಳಿದ್ದು ಸಾರ್. ತೊಂಬತ್ತೊಂದು ವರ್ಷದ ಹೆಂಗಸಿನ ಹೇಲು ತೊಳೀತಿದ್ದೆ ನಾನು. ಅದಕ್ಕೆ ಇಪ್ಪತ್ತೇಳು ನಿಮಿಷ ಜಾಸ್ತಿ ಆಯ್ತು. ಅದಕ್ಕೆ ನನ್ನನ್ನ ಮಾರಿದ್ರು. ಆಕೆ ಸತ್ತಳು. ನನ್ನ ತಪ್ಪು ಅಂತಾನೇ ಬರ್ಕೊಳ್ಳಿ. ವಿಳಾಸ ಬರಿಯಲ್ಲ."

ವಕೀಲ ಗಂಟಲು ಸರಿಮಾಡಿಕೊಂಡು, ಹಾಗಾದರೆ ಆದೇಶದ ಪ್ರತಿ ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದ.

"ಕಳಿಸಿ," ಎಂದಳು ನೆರಿಸ್. "ನಾನು ಅಲ್ಲಿಲ್ಲ."

ಅರ್ಧ ಗಂಟೆ ಕಾನೂನು ಓದಿ ನ್ಯಾಯಾಧೀಶರು ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಓದುವಾಗ ಅವಳ ಮುಖ ನೋಡಲಿಲ್ಲ. ನನ್ನ ಕೈ ಕಟ್ಟಿಹಾಕಿದೆ ಎಂದರು. ಅವರ ಕೈಗಳು ಮೇಜಿನ ಮೇಲೆ ಬಿಡುಬೀಸಾಗಿದ್ದವು.

ಹೊರಗಿನ ಮೊಗಸಾಲೆಯಲ್ಲಿ ಕಿಟಕಿ. ನೆರಿಸ್ ಇಣುಕಿದಳು. ಕೆಳಗೆ ನಿಲ್ದಾಣದಲ್ಲಿ ಕೆಂಪು ಕಾರು. ಕಾರಿಗೆ ಒರಗಿಕೊಂಡು ಟ್ರೆಫರ್. ಸಣ್ಣ ಮಳೆ ಬೀಳುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಹಿಂದಿನ ಎಡಗಡೆ ಟೈರನ್ನು ಪಾಲಿಶ್ ಬೂಟಿನಿಂದ ಮೆಲ್ಲಗೆ ಒದೆಯುತ್ತಾ ನಿಂತಿದ್ದ. ಹಿಂದಿನ ಗಾಜಿನೊಳಗೆ ಅಪ್ಪನ ಟೋಪಿ ಕಾಣುತ್ತಿತ್ತು.

ಕಾರಿಲ್ಲದೆ ಮನೆಮನೆ ಸುತ್ತುವ ಕೆಲಸ ಇಲ್ಲ. ಅದು ಅವಳಿಗೆ ಗೊತ್ತಿತ್ತು. ಆ ಟೋಪಿಯಲ್ಲಿ ಇನ್ನೂ ಅಪ್ಪನ ತಲೆಯ ಎಣ್ಣೆವಾಸನೆ ಇತ್ತು. ಅದೂ ಗೊತ್ತಿತ್ತು.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಇವಳ ಪಕ್ಕದಲ್ಲಿ ಬಂದು ನಿಂತು, ಇವಳು ನೋಡುತ್ತಿದ್ದ ಕಡೆ ತಾನೂ ನೋಡಿದಳು. 

"ಹಿಂದ್ಗಡೆ ಇನ್ನೊಂದು ಬಾಗಿಲಿದೆ, ಕಸದ ತೊಟ್ಟಿ ಕಡೆಗೆ. ಬಸ್ ಸ್ಟಾಪು ಅಲ್ಲೇ ಎದುರಿಗೆ," ಎಂದಳು.

ನೆರಿಸ್ ಜೇಬಿನಿಂದ ಕಾರಿನ ಕೀಲಿ ತೆಗೆದಳು. ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದಳು. ಆಮೇಲೆ ಆ ಹೆಂಗಸಿನ ಕೊಳಕು ನೀರಿನ ಬಕೆಟ್ಟಿಗೆ ಬಿಟ್ಟಳು. ಅದು ಸದ್ದಿಲ್ಲದೆ ಮುಳುಗಿತು.

ಉತ್ತರದ ಕಡೆಗೆ ಹೋಗುವ ಬಸ್ಸು ಬಂತು. ಯಾವ ಊರಿಗೆ ಎಂದು ಡ್ರೈವರ್ ಕೇಳಿದ. ಕೊನೆಯ ಸ್ಟಾಪಿಗೆ ಎಂದಳು. ಕೂತ ಮೇಲೆ, ಬಸ್ಸಿನ ಗಾಜಿನ ಮೇಲೆ ವೈಪರ್ ಆ ಕಡೆ ಈ ಕಡೆ ಆಡುವುದನ್ನು ಬಹಳ ಹೊತ್ತು ನೋಡಿದಳು. ಅದರ ಕೆಳಗೆ ಏನೂ ಇರಲಿಲ್ಲ.

ನಿಲ್ದಾಣದಲ್ಲಿ ಚೀಟಿಯ ಎರಡು ಗಂಟೆ ಮುಗಿದಿತ್ತು. ಕಂಬದ ಮೇಲೆ ಕ್ಯಾಮೆರಾ ಎಣಿಸುತ್ತಿತ್ತು. ಇನ್ನು ವಾರವಿಡೀ ಎಣಿಸುತ್ತದೆ. ಕಚೇರಿಯನ್ನು ಕೇಳುತ್ತದೆ, ಕಚೇರಿ ಕೊಡುತ್ತದೆ. ಆ ಮನೆಯ ಬಾಗಿಲಿಗೆ ಪತ್ರಗಳು ಬಂದು ಬೀಳುತ್ತಲೇ ಇರುತ್ತವೆ. ಒಂದೊಂದರಲ್ಲೂ ಕೆಂಪು ಕಾರಿನ ಚಿತ್ರ, ನಿಂತ ಜಾಗ, ಗಂಟೆ, ನಿಮಿಷ. ಅವನು ಒಡೆದು ಓದಲಿ. ನೂರು ಮೈಲಿ ಓಡಿಸಿಕೊಂಡು ಬಂದು ನೋಡಲಿ.

ಅಪ್ಪನ ಟೋಪಿ ಕಾರಿನಲ್ಲೇ ಉಳಿದುಹೋಯಿತಲ್ಲ ಎಂದು ನೆರಿಸ್ ಕಿಟಕಿಗೆ ಹಣೆ ಹಚ್ಚಿ ಅತ್ತಳು.